ನಮ್ಮ ಕೇರಿ ಯಾವ ಕ್ಷೇತ್ರದ್ದು?

ಹಚ್ಚೊಳ್ಳಿಯ ಕೇರಿಯವರು ನಾವು. ನಿಮ್ಮದು ಯಾವ ಕ್ಷೇತ್ರ ಅಂತ ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ನಮಗೆ ಆಗುವುದಿಲ್ಲ. ಜಿಲ್ಲೆ ಬಳ್ಳಾರಿ. ತಾಲ್ಲೂಕು ಸಿರುಗುಪ್ಪ, ಅದರೊಳಗೆ ನಮ್ಮೂರೇ ಒಂದು ಹೋಬಳಿ. ವಿಧಾನಸಭೆಗೆ ಸಿರುಗುಪ್ಪ ಕ್ಷೇತ್ರ, ನಂಬರು 92, ಪರಿಶಿಷ್ಟ ಪಂಗಡಕ್ಕೆ ಮೀಸಲು. ಲೋಕಸಭೆಗೆ ಬಂದರೆ ನಾವು ಬಳ್ಳಾರಿಯವರೇ ಅಲ್ಲ, ತುಂಗಭದ್ರೆಯ ಆಚೆಯ ಕೊಪ್ಪಳದವರು. ನಮ್ಮಲ್ಲಿ ಡಿಗ್ರಿ ಮುಗಿಸಿದ ನಾಲ್ಕು ಹುಡುಗರಿಗೆ ಈಶಾನ್ಯ ಪದವೀಧರ ಕ್ಷೇತ್ರ ಅಂತ ಇನ್ನೊಂದು ಓಟು ಬೇರೆ. ಅದರ ಗಡಿ ಬೀದರಿನತನಕ ಹೋಗುತ್ತದೆ. ಓಟಿನ ಚೀಟಿ ಹಿಡಿದು ನಿಂತ ನಮ್ಮ ಮುದುಕಿಯೊಬ್ಬಳು, ‘ಅಲ್ಲೋ ತಮ್ಮಾ, ನಾವು ಇದ್ದಲ್ಲೇ ಅದೀವಿ, ಊರು ಯಾಕ ಹಿಂಗ ತಿರುಗತೈತಿ?’ ಎಂದು ಕೇಳಿದಳು. ಚೀಟಿ ಹಂಚುವ ಹುಡುಗ ನಕ್ಕ. ನಮಗೆ ನಗೆ ಬರಲಿಲ್ಲ.

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಇನ್ನೂರು ವರ್ಷದಿಂದ ನಮ್ಮ ನೆತ್ತಿಯ ಮೇಲೆ ಗೆರೆ ಎಳೆಯುತ್ತಲೇ ಬಂದಿದ್ದಾರೆ. 1800ರಲ್ಲಿ ನಿಜಾಮ ತನ್ನ ರಕ್ಷಣೆಗೆ ಇಟ್ಟ ಕುಂಪಣಿ ಸೈನ್ಯದ ಖರ್ಚಿನ ಲೆಕ್ಕಕ್ಕೆ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಸೀಮೆಯನ್ನು ಕುಂಪಣಿಗೆ ಬರೆದುಕೊಟ್ಟ. ಹೊಲ ಮಾರುವಾಗ ಹೊಲದಲ್ಲಿ ನಿಂತ ಎತ್ತನ್ನು ಯಾರೂ ಕೇಳುವುದಿಲ್ಲ, ಹಾಗೆ ನಮ್ಮನ್ನೂ ಕೇಳಲಿಲ್ಲ. ಅಂದಿನಿಂದ ಹೊಳೆಯ ಈಚೆಗೆ ನಾವು ಮದ್ರಾಸು, ಹೊಳೆಯ ಆಚೆಗೆ ಸಿಂಧನೂರು, ಗಂಗಾವತಿ, ಕೊಪ್ಪಳ ನಿಜಾಮನ ರಾಜ್ಯ. ಆಚೆಯವರೂ ಈಚೆಯವರೂ ಒಂದೇ ಭಾಷೆ, ಒಂದೇ ಜಾತಿ, ಒಂದೇ ಬೀಗತನ. ಆದರೆ 1948ರ ತನಕ ನಡುವೆ ಹರಿದದ್ದು ನೀರು ಮಾತ್ರವಲ್ಲ.

ಓಟು ಎನ್ನುವ ಮಾತು ನಮ್ಮ ಕೇರಿಯ ಹತ್ತಿರ ಸುಳಿದದ್ದು ಪೂನಾ ಒಪ್ಪಂದದ ಕಾಲಕ್ಕೆ. ಬ್ರಿಟಿಷರು ಇಡೀ ದೇಶಕ್ಕೆ ಅಸ್ಪೃಶ್ಯರಿಗೆ 71 ಸ್ಥಾನ ಕೊಟ್ಟಿದ್ದರು. ಸ್ಥಾನ ಕಡಿಮೆಯಾದರೂ ಅವನ್ನು ಆರಿಸುವ ಕೈ ಅಸ್ಪೃಶ್ಯರದ್ದೇ ಆಗಿತ್ತು. ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. 1932ರ ಸೆಪ್ಟೆಂಬರ್ 24ಕ್ಕೆ ಬಾಬಾಸಾಹೇಬರು ಸಹಿ ಹಾಕಬೇಕಾಯಿತು. ಸ್ಥಾನ 148ಕ್ಕೆ ಏರಿತು, ಅದರಲ್ಲಿ ನಮ್ಮ ಮದ್ರಾಸು ಪ್ರಾಂತ್ಯಕ್ಕೆ 30. ಆದರೆ ಕೊನೆಗೆ ಆರಿಸುವ ಕೈ ಊರಿನದ್ದಾಯಿತು. ನಾವೇ ಮೊದಲು ನಾಲ್ವರನ್ನು ಆರಿಸುವುದು, ಆ ನಾಲ್ವರಲ್ಲಿ ಒಬ್ಬನನ್ನು ಊರೆಲ್ಲ ಸೇರಿ ಆರಿಸುವುದು ಎಂಬ ಒಂದು ಏರ್ಪಾಡೂ ಇತ್ತು. ಅದರ ಆಯುಷ್ಯ ಹತ್ತು ವರ್ಷ ಮಾತ್ರ. ಅದೂ ಕಂದಾಯ ಕಟ್ಟುವವರಿಗೆ, ಓದು ಬಂದವರಿಗೆ ಇದ್ದ ಓಟು. ನಮ್ಮ ಕೇರಿಯಲ್ಲಿ ಕಂದಾಯ ಕಟ್ಟುವಷ್ಟು ಹೊಲ ಯಾರಿಗಿತ್ತು? ಅಕ್ಷರ ಯಾರಿಗಿತ್ತು? ಹೀಗಾಗಿ 1937ರ ಚುನಾವಣೆ ಮದ್ರಾಸಿನಲ್ಲಿ ನಡೆಯಿತು, ಹಚ್ಚೊಳ್ಳಿಯ ಕೇರಿಯಲ್ಲಿ ನಡೆಯಲಿಲ್ಲ ಎಂದೇ ನಾವು ಹೇಳುತ್ತೇವೆ.

ಎಲ್ಲರಿಗೂ ಓಟು ಬಂದದ್ದು 1951-52ರಲ್ಲಿ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಗುರುತು. ಆಗ ನಾವು ಓಟು ಹಾಕಿದ್ದು ಮದ್ರಾಸು ವಿಧಾನಸಭೆಗೆ. ಎರಡು ವರ್ಷವೂ ತುಂಬಲಿಲ್ಲ, 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯನ್ನು ಒಡೆದರು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ, ನಾವು ಮೈಸೂರಿಗೆ. ಮದ್ರಾಸಿನ 375 ಸ್ಥಾನಗಳಲ್ಲಿ 140 ಆಂಧ್ರಕ್ಕೆ ಹೋದವು, 5 ಬಳ್ಳಾರಿಯ ಕಡೆಯಿಂದ ಮೈಸೂರಿಗೆ ಬಂದವು, 230 ಅಲ್ಲೇ ಉಳಿದವು. ಮೈಸೂರಿನ ಸದನ 99ರಿಂದ 104 ಆಯಿತು. ನಮ್ಮ ತಾತಂದಿರು ಇದನ್ನೇ ‘ಮದ್ರಾಸಿಗೆ ಹಾಕಿದ ಓಟು ಮೈಸೂರಾಗ ಎದ್ದಿತು’ ಅನ್ನುತ್ತಿದ್ದರು.

ಕನ್ನಡ ನಾಡು ಒಂದಾದದ್ದರ ಬಗ್ಗೆ ನಮಗೆ ತಕರಾರಿಲ್ಲ, ಅಭಿಮಾನವಿದೆ. ಬಳ್ಳಾರಿ ಕರ್ನಾಟಕದಲ್ಲೇ ಉಳಿಯಲೆಂದು ಪ್ರಾಣ ಕೊಟ್ಟ ರಂಜಾನ್ ಸಾಬ್ ಪಿಂಜಾರ ಜಾತಿಯ ಬಡವ. ಅದನ್ನು ಉತ್ಸವ ಮಾಡುವವರು ಅಷ್ಟಾಗಿ ಹೇಳುವುದಿಲ್ಲ, ನಾವು ಹೇಳುತ್ತೇವೆ. ಆದರೆ ಗಡಿಯ ಊರಿನ ಕೇರಿಗೆ ರಾಜ್ಯ ಒಡೆದದ್ದು ಬೇರೆ ಥರ ತಟ್ಟಿತು. ಒಂದೇ ಜಿಲ್ಲೆಯೊಳಗೆ ಹೆಣ್ಣು ಕೊಟ್ಟು ತಂದವರು ಎರಡು ರಾಜ್ಯದವರಾದರು. ಇವತ್ತಿಗೂ ಹತ್ತಿ ಬಿಡಿಸಲು ನಮ್ಮ ಹೆಂಗಸರು ಗಡಿ ದಾಟಿ ಹೋಗುತ್ತಾರೆ, ಆದವಾನಿಯ ಹತ್ತಿ ಪೇಟೆ ನಮಗೆ ಗೊತ್ತು, ತೆಲುಗು ನಮ್ಮ ನಾಲಿಗೆಯ ಮೇಲೆ ಇದೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ನಮ್ಮ ತಾಲ್ಲೂಕನ್ನು ಹಾದು ಕರ್ನೂಲು ಜಿಲ್ಲೆಗೆ ಹೋಗುತ್ತದೆ. ನೀರಿಗೆ ಗಡಿ ದಾಟಲು ಒಪ್ಪಂದವಿದೆ, ಲೆಕ್ಕವಿದೆ, ಬೋರ್ಡು ಇದೆ. ಗಡಿ ದಾಟುವ ಕೂಲಿಗೆ ಏನಿದೆ? ರೇಷನ್ ಕಾರ್ಡು ಈಚೆ, ಕೆಲಸ ಆಚೆ.

ಮೈಸೂರು ರಾಜ್ಯದಲ್ಲಿ 1957ಕ್ಕೆ 208 ಸ್ಥಾನ, 1967ಕ್ಕೆ 216, 1978ಕ್ಕೆ 224. ಅಲ್ಲಿಗೆ ನಿಂತಿದೆ. ಇದರ ನಡುವೆ ದ್ವಿಸದಸ್ಯ ಕ್ಷೇತ್ರ ಎಂಬುದೊಂದು ಇತ್ತು, ಈಗಿನ ಹುಡುಗರಿಗೆ ಅದು ಗೊತ್ತಿಲ್ಲ. ಒಂದೇ ಕ್ಷೇತ್ರದಿಂದ ಇಬ್ಬರು ಆಯ್ಕೆಯಾಗುವುದು, ಒಂದು ಸ್ಥಾನ ಮೀಸಲು, ಇನ್ನೊಂದು ಸಾಮಾನ್ಯ. 1957ರಲ್ಲಿ ಆಂಧ್ರದ ಪಾರ್ವತಿಪುರಂ ಲೋಕಸಭಾ ಕ್ಷೇತ್ರದಲ್ಲಿ ಎರಡು ಸ್ಥಾನಕ್ಕೂ ಪರಿಶಿಷ್ಟ ಪಂಗಡದವರೇ ಗೆದ್ದರು. ಸೋತವರು ಸಾಮಾನ್ಯರಲ್ಲ, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ. ಸಾಮಾನ್ಯ ಸ್ಥಾನಕ್ಕೆ ಆದಿವಾಸಿ ಹೇಗೆ ಬಂದ ಎಂದು ಸುಪ್ರೀಂ ಕೋರ್ಟಿಗೆ ಹೋದರು. 1959ರಲ್ಲಿ ಕೋರ್ಟು, ಹೆಚ್ಚು ಓಟು ಬಿದ್ದವನು ಸಾಮಾನ್ಯ ಸ್ಥಾನಕ್ಕೂ ಬರಬಹುದು ಎಂದಿತು. ಎರಡೇ ವರ್ಷ, 1961ರಲ್ಲಿ ಕಾಯಿದೆ ಮಾಡಿ ದ್ವಿಸದಸ್ಯ ಕ್ಷೇತ್ರಗಳನ್ನೇ ತೆಗೆದುಹಾಕಿದರು. ಅವರು ಕೊಟ್ಟ ಕಾರಣ ಕ್ಷೇತ್ರ ದೊಡ್ಡದು, ಖರ್ಚು ಹೆಚ್ಚು ಎಂಬುದು. ನಮಗೆ ಕಾಣುವ ಕಾರಣ ಬೇರೆ. ಮೀಸಲು ಎಂದರೆ ನಮಗೆ ಹಾಕಿದ ಬೇಲಿ ಎಂದು ಅವರು ತಿಳಿದಿದ್ದರು. ಬೇಲಿಯಾಚೆಯೂ ನಾವು ಗೆಲ್ಲಬಹುದು ಎಂದು ಗೊತ್ತಾದ ಕೂಡಲೆ ಹೊಲವನ್ನೇ ಪಾಲು ಮಾಡಿದರು.

ಇನ್ನು ನಮ್ಮ ಕಾಲದ ಮಾತು. ತುರ್ತುಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿ ಕ್ಷೇತ್ರಗಳ ಲೆಕ್ಕವನ್ನು 2001ರ ತನಕ ಬೀಗ ಹಾಕಿ ಇಟ್ಟಿತು. 25 ವರ್ಷದಲ್ಲಿ ಜನ ಹುಟ್ಟಿದರು, ಸತ್ತರು, ಗುಳೇ ಹೋದರು, ಗೆರೆ ಮಾತ್ರ ಅಲುಗಲಿಲ್ಲ. ಕರ್ನಾಟಕದಲ್ಲಿ ಆಗ ಪರಿಶಿಷ್ಟ ಜಾತಿಗೆ 33, ಪರಿಶಿಷ್ಟ ಪಂಗಡಕ್ಕೆ ಬರೀ 2: ಗೋಕಾಕ ಮತ್ತು ವಿರಾಜಪೇಟೆ. ನಮ್ಮ ಕಡೆಯ ಬೇಡರು, ನಾಯಕರು, ವಾಲ್ಮೀಕಿಗಳು ಪಂಗಡದ ಪಟ್ಟಿಗೆ ಪೂರ್ತಿ ಬಂದದ್ದು 1991ರಲ್ಲಿ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ 2001ರ ಜನಗಣತಿಯನ್ನು ಹಿಡಿದು ಹೊಸ ಗೆರೆ ಎಳೆಯಿತು. 2008ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂತು, ಅದೇ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲು ಅದರ ಪ್ರಕಾರ ಚುನಾವಣೆ ನಡೆದ ರಾಜ್ಯ ನಮ್ಮದು. ಜಾತಿಗೆ 36, ಪಂಗಡಕ್ಕೆ 15.

ಆ ಹದಿನೈದರಲ್ಲಿ ಐದು ನಮ್ಮ ಬಳ್ಳಾರಿಗೆ ಬಿದ್ದವು: ಸಿರುಗುಪ್ಪ, ಕಂಪ್ಲಿ, ಬಳ್ಳಾರಿ ಗ್ರಾಮಾಂತರ, ಸಂಡೂರು, ಕೂಡ್ಲಿಗಿ. ಹಡಗಲಿ, ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ. ಹೊಸಪೇಟೆ ವಿಜಯನಗರವೆಂದಾಯಿತು; ಅದೂ ಬಳ್ಳಾರಿ ನಗರವೂ ಸಾಮಾನ್ಯ. ಕುರುಗೋಡು ಎಂಬ ಕ್ಷೇತ್ರ ಹೆಸರಿಲ್ಲದೆ ಹೋಯಿತು, ಕೊಟ್ಟೂರು ಹೋಯಿತು. ಕುರುಗೋಡಿನವರು ಕಂಪ್ಲಿಗೆ ಓಟು ಹಾಕಲು ಕಲಿತರು. ಆಮೇಲೆ ಕುರುಗೋಡು ತಾಲ್ಲೂಕಾಯಿತು, ತಾಲ್ಲೂಕಿಗೆ ಹೆಸರು ಬಂತು, ಕ್ಷೇತ್ರಕ್ಕೆ ತಿರುಗಿ ಬರಲಿಲ್ಲ.

ಅವತ್ತು ಸಿರುಗುಪ್ಪ ಮೀಸಲಾಯಿತು ಎಂಬ ಸುದ್ದಿ ಬಂದಾಗ ನಮ್ಮ ಕೇರಿಯಲ್ಲಿ ಹಲಗೆ ಬಾರಿಸಿದವರೂ ಇದ್ದರು. ‘ರಿಜರ್ವ್ ಆಗೇತಂತ!’ ಎಂಬುದಷ್ಟೇ ಕಿವಿಗೆ ಬಿದ್ದಿತ್ತು. ಯಾರಿಗೆ ಎಂಬುದು ಮರುದಿನ ತಿಳಿಯಿತು. ಒಬ್ಬ ಹಿರಿಯ ಹೇಳಿದ: ‘ಆಗಲಿ ಬಿಡ್ರಪ್ಪಾ. ಬೇಡರ ಕೇರಿಯೂ ಕೇರಿನೇ. ಅವರ ಮನ್ಯಾಗೂ ನಮ್ಮಂಗ ಗಂಜಿನೇ ಕುದಿತೈತಿ.’ ನಾವು ಆ ಮಾತನ್ನು ಇವತ್ತಿಗೂ ಒಪ್ಪುತ್ತೇವೆ. ಅದು ಅವರ ಹಕ್ಕು, ಲೆಕ್ಕದ ಪ್ರಕಾರ ಬಂದದ್ದು, ಯಾರ ಭಿಕ್ಷೆಯೂ ಅಲ್ಲ. ಅದರ ಮೇಲೆ ಕಣ್ಣು ಹಾಕುವುದು ನಮ್ಮ ಕೆಲಸವಲ್ಲ.

ಆದರೆ ಗೆಳೆಯರೇ, ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಮತ್ತೆ ಒಡೆದು ವಿಜಯನಗರ ಜಿಲ್ಲೆ ಮಾಡಿದರು. ಹಡಗಲಿ, ಹಗರಿಬೊಮ್ಮನಹಳ್ಳಿ ಎರಡೂ ಆ ಕಡೆಗೆ ಹೋದವು. ಬಳ್ಳಾರಿಯಲ್ಲಿ ಉಳಿದ ವಿಧಾನಸಭಾ ಕ್ಷೇತ್ರ ಐದು: ನಾಲ್ಕು ಪಂಗಡಕ್ಕೆ, ಒಂದು ಸಾಮಾನ್ಯ. ಪರಿಶಿಷ್ಟ ಜಾತಿಗೆ ಸೊನ್ನೆ. 2011ರ ಜನಗಣತಿಯಲ್ಲಿ ಅವಿಭಜಿತ ಬಳ್ಳಾರಿಯ ನೂರು ಜನರಲ್ಲಿ ಇಪ್ಪತ್ತೊಂದು ಜನ ಪರಿಶಿಷ್ಟ ಜಾತಿಯವರು. ಕ್ಷೇತ್ರದ ಗೆರೆಯನ್ನು ಯಾರೂ ಮುಟ್ಟಲಿಲ್ಲ, ಜಿಲ್ಲೆಯ ಗೆರೆ ಸರಿಯಿತು, ಅಷ್ಟೇ. ಹೊಸ ಜಿಲ್ಲೆಯ ಸಂಭ್ರಮದಲ್ಲಿ ಪಟಾಕಿ ಹಾರಿದವು. ಈ ಸೊನ್ನೆಯನ್ನು ವೇದಿಕೆಯ ಮೇಲೆ ನಿಂತು ಓದಿದವರನ್ನು ನಾವು ಕಾಣಲಿಲ್ಲ.

ಯಾಕೆ ಹೀಗೆ ಎಂದು ತಿಳಿಯಲು ನಾವು ಕಾಯಿದೆಯನ್ನೇ ಓದಿದೆವು. ನಮ್ಮ ಹುಡುಗನೊಬ್ಬ ವಕೀಲಿ ಓದುತ್ತಾನೆ, ಅವನು ಇಂಗ್ಲಿಷನ್ನು ಬಿಡಿಸಿ ಹೇಳಿದ. 2002ರ ಕಾಯಿದೆಯ 9ನೇ ಕಲಮು. ಪಂಗಡದ ಕ್ಷೇತ್ರವನ್ನು ಅವರ ಪ್ರಮಾಣ ಅತಿ ಹೆಚ್ಚು ಇರುವಲ್ಲಿ, ಆದಷ್ಟು ಮಟ್ಟಿಗೆ ಇಡಬೇಕು. ಜಾತಿಯ ಕ್ಷೇತ್ರವನ್ನು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹರಡಿ, ಅವರ ಪ್ರಮಾಣ ಹೋಲಿಕೆಯಲ್ಲಿ ದೊಡ್ಡದಿರುವಲ್ಲಿ, ಆದಷ್ಟು ಮಟ್ಟಿಗೆ ಇಡಬೇಕು. ಪಂಗಡಕ್ಕೆ ಹೇಳಿದ ‘ಅತಿ ಹೆಚ್ಚು’ ಗಟ್ಟಿ ಮಾತು, ಎಣಿಸಿದರೆ ಮುಗಿಯಿತು. ನಮಗೆ ಹೇಳಿದ ‘ಹೋಲಿಕೆಯಲ್ಲಿ’, ‘ಹರಡಿ’ ಇವೆಲ್ಲ ಜಗ್ಗುವ ಮಾತು. ಜಗ್ಗುವ ಮಾತು ಯಾರ ಕೈಯಲ್ಲಿರುತ್ತದೋ ಅವರ ಕಡೆಗೆ ಜಗ್ಗುತ್ತದೆ. ಆದರೆ ಅದೇ ‘ಬೇರೆ ಬೇರೆ ಭಾಗಗಳಲ್ಲಿ’ ಎಂಬುದನ್ನು ಹಿಡಿದು ನಾವೂ ಜಗ್ಗಬಹುದಲ್ಲ? ಬಳ್ಳಾರಿ ಜಿಲ್ಲೆ ರಾಜ್ಯದ ಒಂದು ಭಾಗ ಹೌದೋ ಅಲ್ಲವೋ?

ಇಲ್ಲೇ ಒಂದು ಬೋನು ಇದೆ, ಅದನ್ನು ನೋಡಿಯೇ ಕಾಲಿಡಬೇಕು. ನಮಗೆ ಒಂದು ಕೊಡಿ ಎಂದರೆ, ಈ ಐದರಲ್ಲಿ ನಾಲ್ಕು ನಾಯಕರದ್ದು, ಅವರಿಂದ ಕಸಿದುಕೊಳ್ಳುತ್ತೀರಾ ಎಂದು ಕೇಳುವವರು ಸಿದ್ಧರಿದ್ದಾರೆ. ಊರಿನ ಕಟ್ಟೆಯ ಮೇಲೆ ಈ ಮಾತು ಆಗಲೇ ಶುರುವಾಗಿದೆ. ಎರಡು ಕೇರಿಗಳು ಒಂದು ರೊಟ್ಟಿಗೆ ಬಡಿದಾಡಲಿ ಎಂಬ ಆಸೆ. ರಾಜ್ಯದ 224ರಲ್ಲಿ ನಮ್ಮಿಬ್ಬರದೂ ಸೇರಿದರೆ 51. ಉಳಿದ 173 ಸಾಮಾನ್ಯ. ಆ 173ರಲ್ಲಿ ನಮ್ಮವರಿಗೆ ಟಿಕೆಟ್ ಕೊಡಬಾರದು ಎಂದು ಯಾವ ಕಾಯಿದೆಯೂ ಹೇಳಿಲ್ಲ. ಆದರೂ ಯಾವ ಪಕ್ಷವೂ ಎಷ್ಟು ಕೊಟ್ಟಿದೆ, ಬೆರಳು ಮಡಿಚಿ ಎಣಿಸಿ ನೋಡಿ. ಜಗಳವಿದ್ದರೆ ಅಲ್ಲಿದೆ.

ಕೋರ್ಟಿನ ಕಡೆ ನೋಡಿದರೂ ಇದೇ ಕತೆ. ಕ್ಷೇತ್ರ ವಿಂಗಡಣೆಯ ಕಾಯಿದೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಬಾರದು ಎಂದು ಸಂವಿಧಾನದ 329ನೇ ವಿಧಿ ಹೇಳುತ್ತದೆ. ಆಯೋಗದ ಆದೇಶಕ್ಕೂ ಅದೇ ಅನ್ವಯ ಎಂದು 1966ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಕೇಸು ತಂದವರು ಉಜ್ಜಯಿನಿಯ ಮೇಘರಾಜ್ ಕೊಠಾರಿ. ತಮ್ಮ ಸಾಮಾನ್ಯ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು ಎಂಬುದು ಅವರ ದೂರು. 2024ರಲ್ಲಿ ಅದೇ ಕೋರ್ಟು, ಆದೇಶ ತೀರಾ ಮನಸೋಇಚ್ಛೆ ಎಂದು ಕಂಡರೆ ನೋಡಬಹುದು ಎಂದು ಬಾಗಿಲನ್ನು ಸ್ವಲ್ಪ ತೆರೆಯಿತು. ಆ ಕೇಸು ಗುಜರಾತಿನ ಬಾರ್ಡೋಲಿಯದು, ಅಲ್ಲಿಯೂ ದೂರು ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು ಎಂಬುದೇ. ಮೀಸಲು ಬಂದಾಗ ಕೋರ್ಟಿಗೆ ಹೋಗಲು ಜನವಿದ್ದಾರೆ. ಬಾರದಿದ್ದಾಗ ಹೋಗಲು ನಮ್ಮಲ್ಲಿ ಬಸ್ ಚಾರ್ಜು ಇಲ್ಲ.

ಗೆರೆ ಎಳೆಯುವುದು ಎಂಥ ಆಯುಧ ಎಂಬುದಕ್ಕೆ ಅಮೆರಿಕದ ಕರಿಯರ ಒಂದು ಸಂಗತಿ ನಮ್ಮ ಹುಡುಗರು ತಿಳಿದಿರಬೇಕು. ಅಲಬಾಮಾ ರಾಜ್ಯದಲ್ಲಿ ಟಸ್ಕೆಗೀ ಎಂಬ ಊರು. ಊರಿನ ಗಡಿ ಚೌಕಾಕಾರ. ಕರಿಯರು ಓಟರ ಪಟ್ಟಿಗೆ ಹೆಸರು ಸೇರಿಸುತ್ತಾ ಬಂದರು. 1957ರಲ್ಲಿ ಬಿಳಿಯರ ಶಾಸನಸಭೆ ಕಾಯಿದೆ ಮಾಡಿ ಆ ಚೌಕವನ್ನು 28 ಮಗ್ಗುಲಿನ ವಿಕಾರ ಆಕೃತಿ ಮಾಡಿತು. ಸುಮಾರು 400 ಕರಿಯ ಮತದಾರರಲ್ಲಿ ನಾಲ್ಕೈದು ಮಂದಿ ಬಿಟ್ಟು ಎಲ್ಲರೂ ಊರ ಹೊರಗೆ. ಬಿಳಿಯನೊಬ್ಬನೂ ಹೊರಗೆ ಬೀಳಲಿಲ್ಲ. ಯಾರನ್ನೂ ಹೊಡೆಯಲಿಲ್ಲ, ಯಾರ ಮನೆಗೂ ಬೆಂಕಿ ಹಚ್ಚಲಿಲ್ಲ, ನಕ್ಷೆಯ ಮೇಲೆ ಪೆನ್ಸಿಲು ಆಡಿಸಿದರು. ಕೇಸು ಹಾಕಿದವರು ಅಲ್ಲಿಯ ಟಸ್ಕೆಗೀ ಸಂಸ್ಥೆಯ ಮೇಷ್ಟ್ರು ಚಾರ್ಲ್ಸ್ ಗೊಮಿಲಿಯನ್. 1960ರಲ್ಲಿ ಅವರ ಸುಪ್ರೀಂ ಕೋರ್ಟು ಕರಿಯರ ಪರವಾಗಿ ತೀರ್ಪು ಕೊಟ್ಟಿತು. ಈ ಪತ್ರಿಕೆ ಓದುವ ಹಳ್ಳಿ ಮೇಷ್ಟ್ರುಗಳು ಆ ಮೇಷ್ಟ್ರ ಹೆಸರನ್ನು ಬರೆದಿಟ್ಟುಕೊಳ್ಳಲಿ.

ನಮ್ಮಲ್ಲಿ ಅಷ್ಟು ಮೂಲೆಗಳೂ ಬೇಕಿಲ್ಲ. ಪಂಚಾಯ್ತಿಗೆ ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಎಂದು 1993ರ ಕಾಯಿದೆ ಹೇಳುತ್ತದೆ. ಒಂದು ಕೇರಿಯಲ್ಲಿ 400 ಜನ ಒಟ್ಟಿಗೆ ಇದ್ದಾರೆ ಎನ್ನಿ. ನಡುವಿನ ಓಣಿ ಹಿಡಿದು ಎರಡು ಹೋಳು ಮಾಡಿ, ಒಂದು ಹೋಳನ್ನು ಗೌಡರ ಓಣಿಗೆ, ಇನ್ನೊಂದನ್ನು ಪೇಟೆಯ ಓಣಿಗೆ ಸೇರಿಸಿದರೆ ಎರಡೂ ಕಡೆ ನಾವು ಕಡಿಮೆ. ಮೀಸಲಾತಿ ಬಂದರೂ ಗೆಲ್ಲುವವನು ಧಣಿಯ ಮನೆಯ ಜೀತಗಾರನ ಮಗ, ನಾವು ಬೇಕೆಂದವನಲ್ಲ. ಇಂಥದ್ದು ಎಲ್ಲಿ ನಡೆಯುತ್ತದೆ ಎಂದು ಊರಿನ ಹೆಸರು ಬರೆಯುವುದು ಬೇಡ. ಓದುವವರು ತಮ್ಮ ತಮ್ಮ ಊರಿನ ವಾರ್ಡು ನಕ್ಷೆಯನ್ನು ತೆಗೆದು ನೋಡಿಕೊಳ್ಳಲಿ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಗಡಿ ಗುರುತಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಗಡಿ, ಮೀಸಲು ಎಂದು ಹೇಳುತ್ತಾ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಗೆರೆ ಎಳೆದೂ ಸೋಲಿಸಬಹುದು, ಎಳೆಯದೆಯೂ ಸೋಲಿಸಬಹುದು.

ಈಗ ಇನ್ನೊಂದು ಗೆರೆ ಬರಲಿದೆ. 84ನೇ ತಿದ್ದುಪಡಿ ಹಾಕಿದ ಬೀಗ 2026ರ ನಂತರದ ಮೊದಲ ಜನಗಣತಿಯ ತನಕ. ಆ ಜನಗಣತಿಯ ದಿನವನ್ನು 2027ರ ಮಾರ್ಚ್ 1 ಎಂದು 2025ರಲ್ಲಿ ಸರ್ಕಾರ ಪ್ರಕಟಿಸಿತು, ಜಾತಿಯನ್ನೂ ಎಣಿಸುವುದಾಗಿ ಹೇಳಿತು. ದಿಲ್ಲಿಯಲ್ಲಿ, ಬೆಂಗಳೂರಿನಲ್ಲಿ ದೊಡ್ಡವರು ಉತ್ತರಕ್ಕೆ ಎಷ್ಟು ಸ್ಥಾನ, ದಕ್ಷಿಣಕ್ಕೆ ಎಷ್ಟು ಎಂದು ಜಗಳ ಆಡುತ್ತಿದ್ದಾರೆ. ದಕ್ಷಿಣಕ್ಕೆ ಅನ್ಯಾಯವಾಗಬಾರದು, ನಿಜ. ಆದರೆ ದಕ್ಷಿಣದೊಳಗೊಂದು ದಕ್ಷಿಣ ಇದೆಯಲ್ಲ, ಊರ ಹೊರಗಿನದು, ಅದರ ಲೆಕ್ಕವನ್ನು ಆ ಜಗಳದಲ್ಲಿ ಯಾರು ಎತ್ತುತ್ತಾರೆ?

ನಮ್ಮ ಕೇರಿಯಲ್ಲೂ ಇದರ ಬಗ್ಗೆ ಒಮ್ಮತವಿಲ್ಲ. ಹುಡುಗರು ಕ್ಷೇತ್ರ ಕೇಳೋಣ ಎನ್ನುತ್ತಾರೆ. ಚಳವಳಿ ಕಂಡ ಒಬ್ಬ ನಡುವಯಸ್ಸಿನವನು ಹೇಳುತ್ತಾನೆ: ‘ಕೇಳ್ರಿ, ಬ್ಯಾಡ ಅನ್ನಂಗಿಲ್ಲ. ಆದರ ಮೀಸಲು ಕ್ಷೇತ್ರದಾಗ ನಿಂತಾವ ನಮ್ಮಾವ, ಗೆಲ್ಲಿಸೋ ಓಟು ಊರಿಂದು. ಗೆದ್ದಮ್ಯಾಲೆ ಅವ ಯಾರ ಕಟ್ಟಿಗೆ ಹೋಗಿ ಕೈ ಮುಗಿತಾನ?’ ಇದು 1932ರ ಪ್ರಶ್ನೆಯೇ. ಅದಕ್ಕೆ ಉತ್ತರ ನಮ್ಮ ಹತ್ತಿರ ಸಿದ್ಧವಿಲ್ಲ. ಹೆಂಗಸರದ್ದು ಇನ್ನೊಂದು ಮಾತು. 2023ರ 106ನೇ ತಿದ್ದುಪಡಿ ಶಾಸನಸಭೆಗಳಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿಗೆ ಎಂದಿತು, ಮೀಸಲು ಸ್ಥಾನಗಳ ಒಳಗೂ ಮೂರರಲ್ಲೊಂದು. ಆದರೆ ಅದನ್ನೂ ಕ್ಷೇತ್ರ ವಿಂಗಡಣೆಯ ಬಾಲಕ್ಕೆ ಕಟ್ಟಿತು. ‘ನಾಟಿ ಹಚ್ಚಾಕ ನಾವು ಮೊದಲು, ಇದಕ್ಕ ಮಾತ್ರ ಕಡೀಕ್ಯಾ?’ ಎಂದು ಒಬ್ಬ ಅಕ್ಕ ಕೇಳಿದಳು.

ಹಿಂದಿನ ಆಯೋಗದ ರಚನೆ ಹೇಗಿತ್ತು ಎಂಬುದನ್ನು ಈಗಲೇ ತಿಳಿದಿರುವುದು ಒಳ್ಳೆಯದು. ಒಬ್ಬ ನ್ಯಾಯಮೂರ್ತಿ, ಕೇಂದ್ರ ಚುನಾವಣಾ ಆಯೋಗದವರೊಬ್ಬರು, ರಾಜ್ಯ ಚುನಾವಣಾ ಆಯುಕ್ತರು. ಜೊತೆಗೆ ಐದು ಜನ ಎಂ.ಪಿ., ಐದು ಜನ ಎಂ.ಎಲ್.ಎ. ಸಹ ಸದಸ್ಯರು, ಅವರಿಗೆ ಓಟಿಲ್ಲ, ಸಹಿ ಇಲ್ಲ, ಆದರೆ ಮಾತಿದೆ, ನಕ್ಷೆ ಎಲ್ಲರಿಗಿಂತ ಮೊದಲು ಅವರ ಕೈಗೆ ಬರುತ್ತದೆ. ಕರಡು ಪ್ರಕಟಿಸಿ, ಆಕ್ಷೇಪಣೆಗೆ ಒಂದು ತಾರೀಖು ಇಟ್ಟು, ಬಹಿರಂಗ ಸಭೆ ನಡೆಸುತ್ತಾರೆ. ಆ ತಾರೀಖು ನಮ್ಮಂಥವರಿಗೆ ತಿಳಿಯುವ ಹೊತ್ತಿಗೆ ದಾಟಿರುತ್ತದೆ. ಕೂಲಿ ಬಿಟ್ಟು ಸಭೆಗೆ ಹೋದರೂ ಅಲ್ಲಿ ಮುಂದಿನ ಕುರ್ಚಿಗಳು ತುಂಬಿರುತ್ತವೆ.

ಅದಕ್ಕೆ ಈ ಸಲ ನಾವು ಮೊದಲೇ ಕೂತಿದ್ದೇವೆ. ರಾತ್ರಿ ಊಟವಾದ ಮೇಲೆ ಅಂಬೇಡ್ಕರ್ ಭವನದ ಕಟ್ಟೆಯ ಮೇಲೆ ಇಬ್ಬರು ಹುಡುಗರು, ಒಬ್ಬ ಮೇಷ್ಟ್ರು, ಬೇಡರ ಕೇರಿಯಿಂದ ಒಬ್ಬ. ಅವನನ್ನು ಬೇಕೆಂದೇ ಕರೆದಿದ್ದೇವೆ, ಅವನೂ ಬಂದಿದ್ದಾನೆ. ಓಟರ ಪಟ್ಟಿಯ ಭಾಗಗಳನ್ನು ಹಿಡಿದು ಯಾವ ಓಣಿ ಯಾವ ಬೂತಿಗೆ ಹೋಗಿದೆ ಎಂದು ಗುರುತು ಹಾಕುತ್ತಿದ್ದೇವೆ. ಗುಳೇ ಹೋದವರ ಹೆಸರು ಬಿಟ್ಟುಹೋಗಿದೆಯೇ ಎಂದು ಮನೆ ಮನೆ ಕೇಳುತ್ತಿದ್ದೇವೆ, ಯಾಕೆಂದರೆ ಎಣಿಕೆಯ ಹೊತ್ತಿಗೆ ಊರಲ್ಲಿಲ್ಲದವನು ನಕ್ಷೆಯಲ್ಲೂ ಇರುವುದಿಲ್ಲ. ಈ ತನಕ ಎರಡು ಓಣಿ ಮುಗಿದಿದೆ. ಅರ್ಜಿಯ ಮೊದಲ ಹಾಳೆ ಕನ್ನಡದಲ್ಲಿ ಆಗಿದೆ. ಅದಕ್ಕೆ ಇಂಗ್ಲಿಷಿನ ಪ್ರತಿ ಬೇಕಾದೀತು ಎಂದು ವಕೀಲಿ ಓದುವ ಹುಡುಗ ಹೇಳಿದ್ದಾನೆ, ಅವನು ಹಬ್ಬಕ್ಕೆ ಬಂದಾಗ ಬರೆಸಬೇಕು. ಸಿಂಧನೂರು, ಗಂಗಾವತಿ ಕಡೆಯ ಸಂಗಾತಿಗಳು ತಮ್ಮ ಕೇರಿಗಳ ಲೆಕ್ಕ ಕೂಡಿಸಿದ್ದರೆ ನಮಗೆ ಕಳಿಸಲಿ. ಲೋಕಸಭೆಗೆ ನಾವು ನೀವು ಒಂದೇ ಕ್ಷೇತ್ರ. ದಢೇಸೂಗೂರಿನ ಸೇತುವೆ ದಾಟಿದರೆ ಸಿಕ್ಕುತ್ತೇವೆ.